ಟೈರಿನ ‘ಗ್ರಿಪ್’: ಹಿಡಿತವೋ, ಕಚ್ಚೋ, ಅಂಟೋ?

ಎಲ್ಲರಿಗೂ ನಮಸ್ಕಾರ,

ಫಾರ್ಮುಲಾ ಒನ್ ಬಗ್ಗೆ ಕನ್ನಡದಲ್ಲೊಂದು ಬರಹ ಬರೆಯುತ್ತಿದ್ದೇನೆ. ‘ಗ್ರಿಪ್’ ಅನ್ನುವುದಕ್ಕೆ ‘ಹಿಡಿತ’ ಸಾಕು ಎಂದುಕೊಂಡು ಹೊರಟೆ. ಲೂಯಿಸ್ ಹ್ಯಾಮಿಲ್ಟನ್ ಎಂಬ ಚಾಲಕ ಮಳೆಯಲ್ಲಿ ಗೆದ್ದ 2020ರ ಇಸ್ತಾಂಬುಲ್ ರೇಸಿಗೆ ಬರುವಷ್ಟರಲ್ಲಿ ಹೀಗೊಂದು ವಾಕ್ಯ ಬಿತ್ತು: “ಹಿಡಿತ ಇಲ್ಲದಿದ್ದರೂ ಹ್ಯಾಮಿಲ್ಟನ್‌ಗೆ ಹಿಡಿತ ತಪ್ಪಲಿಲ್ಲ.” ನನಗೇ ನಗು ಬಂತು. ಮೊದಲನೆಯದು ಟೈರಿಗೂ ರಸ್ತೆಗೂ ಸಂಬಂಧಿಸಿದ್ದು, ಎರಡನೆಯದು ಚಾಲಕನಿಗೂ ಕಾರಿಗೂ. ಆ ರೇಸಿನ ಕತೆಯೆಲ್ಲ ಇವೆರಡರ ನಡುವಿನ ಅಂತರದಲ್ಲೇ ಇದೆ, ಒಂದೇ ಪದ ಬಳಸಿದರೆ ಕತೆಯೇ ಹೋಯಿತು.

‘ಕಚ್ಚು’ ಅನ್ನೋಣವೆಂದರೆ ಇನ್ನೊಂದು ತೊಡಕು. “ಟೈರು ರಸ್ತೆ ಕಚ್ಚುತ್ತಿದೆ” ಚೆನ್ನಾಗಿದೆ. ಆದರೆ “ಟೈರು ನೆಲ ಕಚ್ಚಿತು” ಎಂದು ಬರೆದು ನೋಡಿ, ಮಳೆಗೆ ಮಲಗಿದ ಭತ್ತದ ಪೈರು ಕಣ್ಣ ಮುಂದೆ ಬರುತ್ತದೆ! ‘ಅಂಟು’ ಕೂಡ ಇದೆ, ಕಿವಿಗೆ ಸ್ವಲ್ಪ ಹಲಸಿನ ಮೇಣದ ವಾಸನೆ.

ಆದರೆ ಯೋಚಿಸಿದಷ್ಟೂ ಈ ಎರಡೂ ಬೇಕು ಅನ್ನಿಸುತ್ತಿದೆ. ರಬ್ಬರು ರಸ್ತೆಗೆ ಮೆತ್ತಿಕೊಳ್ಳುವುದು ಒಂದು, ಡಾಂಬರಿನ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಸಿಕ್ಕಿಕೊಳ್ಳುವುದು ಇನ್ನೊಂದು. ಒಂದು ಅಂಟು, ಒಂದು ಕಚ್ಚು. ಒದ್ದೆಯಾದರೆ ಅಂಟು ಬಹುಪಾಲು ಹೋಗುತ್ತದೆ, ರಸ್ತೆ ಒರಟಾಗಿದ್ದರೆ ಕಚ್ಚು ಉಳಿಯುತ್ತದೆ. ಮಳೆಯಲ್ಲಿ ಚಾಲಕರು ಎಂದಿನ ಜಾಡು ಬಿಟ್ಟು ತಿರುವಿನ ಹೊರಬದಿಗೆ ಹೋಗುವುದು ಇದಕ್ಕೇ. ಎಂದಿನ ಜಾಡಿನಲ್ಲಿ ಹಳೆಯ ರಬ್ಬರು ತುಂಬಿ ನುಣುಪಾಗಿರುತ್ತದೆ, ಕಚ್ಚಲು ಏನೂ ಇರುವುದಿಲ್ಲ. ಇಸ್ತಾಂಬುಲ್‌ನಲ್ಲಂತೂ ರೇಸಿಗೆ ಸ್ವಲ್ಪ ಮುಂಚೆ ಹೊಸ ಡಾಂಬರು ಹಾಕಿದ್ದರು. ಮೇಲ್ಮೈ ನುಣುಪು, ಎಣ್ಣೆಯ ಪಸೆ ಇನ್ನೂ ಆರಿರಲಿಲ್ಲ, ಅದರ ಮೇಲೆ ಮಳೆ. ಅಂಟೂ ಇಲ್ಲ, ಕಚ್ಚೂ ಇಲ್ಲ.

ಹ್ಯಾಮಿಲ್ಟನ್ ಆರನೇ ಸ್ಥಾನದಿಂದ ಹೊರಟವರು. 58 ಸುತ್ತಿನ ರೇಸಿನಲ್ಲಿ ಎಂಟನೇ ಸುತ್ತಿಗೆ ಹಾಕಿದ ಇಂಟರ್‌ಮೀಡಿಯೆಟ್ ಟೈರುಗಳಲ್ಲೇ (ಅರೆ ಒದ್ದೆ ರಸ್ತೆಗೆಂದು ಗೀರು ಕೊರೆದ ಟೈರು) ಕೊನೆಯವರೆಗೂ ಓಡಿಸಿ ಗೆದ್ದರು, ಏಳನೇ ವಿಶ್ವ ಚಾಂಪಿಯನ್ ಪಟ್ಟವೂ ಅಲ್ಲೇ ಬಂತು. ಕೊನೆಗೆ ಆ ಟೈರುಗಳ ಗೀರೆಲ್ಲ ಸವೆದು ಬೋಳಾಗಿದ್ದವು. (ನಮ್ಮಲ್ಲಿ ಬೋಳು ಟೈರೆಂದರೆ ಜಾರುವ ಟೈರು. ರಸ್ತೆ ಒಣಗುತ್ತ ಬಂದರೆ ಬೋಳು ಟೈರೇ ಚೆನ್ನಾಗಿ ಹಿಡಿಯುವುದು.)

ಇನ್ನು ‘ಸೆಟಪ್’, ಅಂದರೆ ರೇಸಿಗೆ ಮುಂಚೆ ಕಾರಿನ ಭಾಗಗಳನ್ನು ಹೊಂದಿಸಿಕೊಳ್ಳುವುದು. ಇದಕ್ಕೆ ‘ಹದ’ಕ್ಕಿಂತ ಒಳ್ಳೆಯ ಪದ ನನಗೆ ಕಾಣುತ್ತಿಲ್ಲ. ಪಾಕಕ್ಕೆ ಹದ, ಉಳುವ ಮಣ್ಣಿಗೆ ಹದ, ಕಾರಿಗೆ ಯಾಕಿರಬಾರದು? ಮುಂದಿನ ಚಕ್ರ ಜಾರಿ ಕಾರು ತಿರುಗದೆ ನೇರ ಹೋಗುತ್ತಿದ್ದರೆ ಮುಂದಿನ ರೆಕ್ಕೆಯ (ಗಾಳಿಯ ಒತ್ತಡದಿಂದ ಮೂತಿಯನ್ನು ನೆಲಕ್ಕೆ ಒತ್ತುವ ಪಟ್ಟಿ) ಕೋನ ಹೆಚ್ಚಿಸುತ್ತಾರೆ, ಇಲ್ಲವೇ ಮುಂದಿನ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಒಂದು ಬದಿಗೆ ವಾಲದಂತೆ ತಡೆಯುವ ಸರಳು) ಮೆದು ಮಾಡುತ್ತಾರೆ. ಆದರೆ ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತು ಶುರುವಾದ ಮೇಲೆ, ಮುಂದಿನ ರೆಕ್ಕೆಯ ಕೋನದಂಥ ಒಂದೆರಡು ಬಿಟ್ಟರೆ, ಈ ಹದವನ್ನು ಮುಟ್ಟುವಂತಿಲ್ಲ. ಆಮೇಲೆ ಹದ ನೋಡಬೇಕಾದ್ದು ಚಾಲಕನ ಪಾದ: ಬೇಗ ಬ್ರೇಕು, ನಿಧಾನಕ್ಕೆ ಆಕ್ಸಿಲರೇಟರು. ಒದ್ದೆಯಲ್ಲಿ ಬ್ರೇಕಿನ ಬಲವನ್ನು ಒಂದಿಷ್ಟು ಹಿಂದಿನ ಚಕ್ರಗಳಿಗೆ ಸರಿಸುವುದು.

‘ಅಂಡರ್‌ಸ್ಟಿಯರ್’, ‘ಓವರ್‌ಸ್ಟಿಯರ್’ಗೆ ಸಂಸ್ಕೃತದಿಂದ ಹೊಸೆಯಲು ಮನಸ್ಸಿಲ್ಲ. ಮೊದಲನೆಯದು ಮೇಲೆ ಹೇಳಿದ ಹಾಗೆ ಮುಂದಿನ ಚಕ್ರ ಜಾರುವುದು, ಎರಡನೆಯದು ಹಿಂದಿನ ಚಕ್ರ ಜಾರಿ ಕಾರಿನ ಹಿಂಭಾಗ ಹೊರಗೆ ಬೀಸುವುದು. ‘ಮೂತಿ ಜಾರು’, ‘ಬಾಲ ಬೀಸು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ತೀರಾ ಮಕ್ಕಳಾಟವಾಯಿತೇ? ಮತ್ತೆ, ನಿಮ್ಮ ಕಡೆ ಲಾರಿ, ಟ್ರ್ಯಾಕ್ಟರ್ ಓಡಿಸುವವರು ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗುವಾಗ ಏನೆನ್ನುತ್ತಾರೆ? “ಗ್ರಿಪ್ ಇಲ್ಲ” ಬಿಟ್ಟು ಬೇರೆ ಮಾತು ಕೇಳಿದ್ದರೆ ಬರೆಯಿರಿ, ಯಾವ ಊರಿನ ಕಡೆಯದೆಂದೂ ತಿಳಿಸಿ.