ಅಪ್‌ಡೇಟ್: ಉಬುಂಟುವಿನಲ್ಲಿ ಡಿ ಡ್ರೈವ್ ‘ರೀಡ್ ಓನ್ಲಿ’ ಆಗುತ್ತಿದ್ದದ್ದು ಸರಿಹೋಯಿತು

ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ರೂಪ) ಎರಡೂ ಇವೆ. ವಿಂಡೋಸ್ ಶಟ್‌ಡೌನ್ ಮಾಡಿ ಉಬುಂಟುಗೆ ಬಂದರೆ ಡಿ ಡ್ರೈವ್‌ನ ಫೈಲುಗಳು ತೆರೆಯುತ್ತವೆ, ಆದರೆ ಸೇವ್ ಆಗುವುದಿಲ್ಲ ಅಂತ ಕೇಳಿದ್ದೆ. ಡಿಸ್ಕ್ ಕೆಟ್ಟಿಲ್ಲ, ಕಾರಣ ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದೇ ಇಲ್ಲ, ಕರ್ನಲ್‌ನ (ಅದರ ತಿರುಳು ಭಾಗದ) ಸ್ಥಿತಿಯನ್ನು ಹೈಬರ್ನೇಶನ್ ಫೈಲಿಗೆ (ಮತ್ತೆ ಅಲ್ಲಿಂದಲೇ ಶುರುಮಾಡಲು ಡಿಸ್ಕ್‌ನಲ್ಲಿಡುವ ಫೈಲಿಗೆ) ಬರೆದು ಮಲಗುತ್ತದೆ. ಡಿ ಡ್ರೈವ್‌ನ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲು ಇಡುವ ವಿಧಾನ) ಪಾರ್ಟಿಷನ್ ಇನ್ನೂ ಬಳಕೆಯಲ್ಲಿದೆ ಎಂದುಕೊಂಡು ಲಿನಕ್ಸ್ ಬರೆಯಲು ಬಿಡುವುದಿಲ್ಲ. ರೀಸ್ಟಾರ್ಟ್‌ಗೆ ಇದು ಅನ್ವಯಿಸದು. ರೀಸ್ಟಾರ್ಟ್ ಮಾಡಿ ಉಬುಂಟುಗೆ ಬಂದಾಗ ಎಲ್ಲ ಸರಿಯಿದ್ದದ್ದು ಅದಕ್ಕೇ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ಗೆ ಹೋಗಿ. ಅಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಬೇಕು. ಅದು ಬೂದು ಬಣ್ಣದಲ್ಲಿದ್ದರೆ ಮೇಲಿನ ‘ಚೇಂಜ್ ಸೆಟ್ಟಿಂಗ್ಸ್’ ಲಿಂಕ್ ಒತ್ತಿ, ಆಮೇಲೆ ತೆಗೆಯಿರಿ. ಸೇವ್ ಮಾಡಿ ಒಮ್ಮೆ ಶಟ್‌ಡೌನ್ ಮಾಡಿದರಾಯಿತು.

ಲಿನಕ್ಸ್‌ನಿಂದಲೇ ಹೈಬರ್ನೇಶನ್ ಫೈಲ್ ಅಳಿಸಿ ಡ್ರೈವನ್ನು ಬಲವಂತವಾಗಿ ಮೌಂಟ್ ಮಾಡುವ (ಬಳಕೆಗೆ ಜೋಡಿಸುವ) ದಾರಿಯೂ ಇದೆ. ಬೇಡ, ವಿಂಡೋಸ್ ನಿಜವಾಗಿ ಹೈಬರ್ನೇಟ್ ಆಗಿದ್ದರೆ ಸೇವ್ ಆಗದ ಕೆಲಸವೆಲ್ಲ ಹೋಗುತ್ತದೆ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದಮೇಲೆ ಟಿಕ್ ಮತ್ತೆ ಬಂದಿದೆಯೇ ಅಂತ ನೋಡಿಕೊಳ್ಳಿ.