ವಿಡಿಯೋ ಚೆನ್ನಾಗಿದೆ ಅನ್ನುತ್ತಾರೆ, ಆದರೆ ಶೀರ್ಷಿಕೆ ನೋಡಿ ಯಾರೂ ಒಳಗೆ ಬರುತ್ತಿಲ್ಲ. ಏನು ಮಾಡಲಿ?

ಸೈಕಲ್‌ಪಾಠ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳತಿ ಸೇರಿ ಸೈಕಲ್ ರಿಪೇರಿ ಕಲಿಸುವ ವಿಡಿಯೋ ಮಾಡುತ್ತೇವೆ. ಪಾನಾ ಹಿಡಿಯುವುದು ಅವಳು. ಕ್ಯಾಮೆರಾ, ಎಡಿಟಿಂಗ್, ಬರವಣಿಗೆ ನನ್ನದು. ಫೀಸು ಕಟ್ಟಿ ಸೇರುವ ಆನ್‌ಲೈನ್ ಕ್ಲಾಸ್ ಕೂಡ ಇದೆ. ವಿಡಿಯೋ ಇಷ್ಟಪಟ್ಟವರು ಕ್ಲಾಸಿಗೆ ಬರಲಿ ಅನ್ನುವುದು ನಮ್ಮ ಆಸೆ.

ನೋಡಲು ಕೂತವರು ಕೊನೆವರೆಗೂ ನೋಡುತ್ತಾರೆ. ಒಳ್ಳೊಳ್ಳೆ ಪ್ರಶ್ನೆ ಕೇಳುತ್ತಾರೆ. ಆದರೆ ಒತ್ತಿ ಒಳಗೆ ಬರುವವರೇ ಕಮ್ಮಿ. ನನ್ನ ಶೀರ್ಷಿಕೆಗಳು ಹೀಗಿವೆ:

"ಸೈಕಲ್ ಚೈನ್ ನಿರ್ವಹಣೆಯ ಕುರಿತು ಸಂಪೂರ್ಣ ಮಾಹಿತಿ"

"ಪಂಕ್ಚರ್ ಹಾಕುವ ಸರಿಯಾದ ವಿಧಾನವನ್ನು ಇಂದಿನ ವಿಡಿಯೋದಲ್ಲಿ ತಿಳಿದುಕೊಳ್ಳೋಣ ಬನ್ನಿ"

ಇವು ಸಪ್ಪೆ ಅಂತ ಒಬ್ಬರು ಹೇಳಿದರು. ಅದಕ್ಕೆ ಕಳೆದ ತಿಂಗಳು ಹೀಗೆ ಬರೆದೆ: "ಈ ಒಂದು ತಪ್ಪು ನಿಮ್ಮ ಸೈಕಲ್ಲನ್ನೇ ಹಾಳು ಮಾಡುತ್ತೆ! ಕೊನೆವರೆಗೂ ನೋಡಿ, ಶಾಕ್ ಆಗ್ತೀರಾ!" ಒಳಗೆ ಬಂದವರು ಜಾಸ್ತಿಯೇ ಆದರು. ಆದರೆ ಬಹುತೇಕ ಜನ ಅರ್ಧ ನಿಮಿಷದೊಳಗೆ ಹೊರಟುಹೋದರು. ಮೊದಲಿನಿಂದ ನಮ್ಮ ಜೊತೆ ಇರುವ ಒಬ್ಬರು "ನೀವೂ ಹೀಗೆ ಶುರು ಮಾಡಿದ್ರಾ?" ಅಂತ ಕಾಮೆಂಟ್ ಹಾಕಿದರು. ಅದು ತುಂಬಾ ಚುಚ್ಚಿತು. ಅವತ್ತೇ ಶೀರ್ಷಿಕೆ ತೆಗೆದೆ.

ಸಪ್ಪೆಯಾಗಿಯೂ ಇರಬಾರದು, ಕಿರುಚಲೂಬಾರದು. ಹಾಗೆ ಬರೆಯುವುದು ಹೇಗೆ?

ನಂಬರ್‌ಗಳ ಗೆಳೆಯ:

ಶೀರ್ಷಿಕೆಯಲ್ಲಿ ಅಂಕಿ ಹಾಕಿ ನೋಡಿ. "ಚೈನ್ ಬೇಗ ಸವೆಯಲು 4 ಕಾರಣ" ಅಂದರೆ ಎಷ್ಟು ಹೊತ್ತು ಕೂರಬೇಕು ಅನ್ನುವ ಅಂದಾಜು ಸಿಗುತ್ತದೆ. ಇನ್ನೊಂದು ವಿಷಯ. ಅಪ್‌ವರ್ದಿ ಅನ್ನುವ ತಾಣದವರು ಒಂದೊಂದು ಬರಹಕ್ಕೆ 25 ಶೀರ್ಷಿಕೆ ಬರೆದು, ಕೆಲವನ್ನು ಓದುಗರ ಮೇಲೇ ಪರೀಕ್ಷೆ ಮಾಡುತ್ತಿದ್ದರು. ಆ ಪರೀಕ್ಷೆಗಳ ದಾಖಲೆ ಇಟ್ಟುಕೊಂಡು 2023ರಲ್ಲಿ ಒಂದು ಅಧ್ಯಯನ ಬಂತು. ಶೀರ್ಷಿಕೆಯಲ್ಲಿ ಕೆಟ್ಟ ಭಾವನೆಯ ಪದ ಒಂದೊಂದು ಹೆಚ್ಚಾದಂತೆ ಕ್ಲಿಕ್ ಪ್ರಮಾಣ ಸುಮಾರು 2.3% ಏರುತ್ತದೆ ಅಂತ ಅದರಲ್ಲಿದೆ. ಹಾಗಾಗಿ "ಹಾಳು", "ತಪ್ಪು" ಅನ್ನುವ ಪದಗಳನ್ನು ಪೂರ್ತಿ ಬಿಡಬೇಡಿ.

ಹಳೇ ಡೆಸ್ಕ್:

ಮೇಡಂ, ನಾನು 14 ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಶೀರ್ಷಿಕೆ ಕೊಡುವ ಕೆಲಸ ಮಾಡಿದವನು. ಈಗ ಆರು ವರ್ಷದಿಂದ ಸೋಷಿಯಲ್ ಮೀಡಿಯಾಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಪಂಕ್ಚರ್ ಶೀರ್ಷಿಕೆ ಓದಿದ ಕೂಡಲೇ ನನ್ನ ಕೈ ತಿದ್ದಲು ಹೊರಟಿತು.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ವಾ? ಫೋನ್ ಕತ್ತರಿಸುವುದೂ ಕೊನೆಯನ್ನೇ. "ಪಂಕ್ಚರ್ ಹಾಕುವ ಸರಿಯಾದ ವಿಧಾನವನ್ನು ಇಂದಿನ..." ಅಷ್ಟೇ ಕಾಣುತ್ತದೆ, ಮುಂದೆ ಮೂರು ಚುಕ್ಕಿ. ಉಳಿದದ್ದರಲ್ಲಿ ಜೀವವೇ ಇಲ್ಲ. ಪತ್ರಿಕೆಯಲ್ಲಿ ಕಾಲಂ ಅಗಲ ಎಷ್ಟು ಅಂತ ಮೊದಲೇ ಗೊತ್ತಿರುತ್ತಿತ್ತು. ಇಲ್ಲಿ ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಕತ್ತರಿ ಬೀಳುತ್ತದೆ. ಯೂಟ್ಯೂಬ್ 100 ಅಕ್ಷರದ ಶೀರ್ಷಿಕೆಗೆ ಜಾಗ ಕೊಡುತ್ತದೆ, ನಿಜ. ಆದರೆ ಪಟ್ಟಿಯಲ್ಲಿ ಅಷ್ಟೂ ಕಾಣುವುದು ಅಪರೂಪ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರ ಬರೆಯಬಹುದು, ಕಣ್ಣಿಗೆ ಬೀಳುವುದು ಮೊದಲ ಒಂದೆರಡು ಸಾಲು ಮಾತ್ರ.

ಅಕ್ಷರದ ಲೆಕ್ಕದಲ್ಲೂ ನಮಗೆ ಒಂದು ತೊಡಕಿದೆ. "ಶೀರ್ಷಿಕೆ" ಅನ್ನುವ ಪದ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್‌ಗೆ ಎಂಟು. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪದ್ಧತಿಯಲ್ಲಿ ಗುಣಿತದ ಗುರುತು, ಒತ್ತಕ್ಷರ ಮಾಡುವ ಗುರುತು ಎಲ್ಲವೂ ಬೇರೆ ಬೇರೆ ಎಣಿಕೆ. ಹಾಗಾಗಿ "ಕುರಿತು", "ಸಂಪೂರ್ಣ ಮಾಹಿತಿ", "ಬನ್ನಿ ತಿಳಿಯೋಣ" ಇವೆಲ್ಲ ಸುಮ್ನೆ ಜಾಗ ತಿನ್ನುತ್ತವೆ. ನೋಡುಗರ ತೊಂದರೆ ಏನಿದೆಯೋ ಅದು ಮೊದಲ ನಾಲ್ಕು ಪದಗಳಲ್ಲಿ ಬಂದುಬಿಡಲಿ. ಕ್ರಿಯಾಪದವನ್ನೂ ಮುಂದಕ್ಕೆ ಎಳೆದುಕೊಳ್ಳಿ. ನಾವು ಮಾತಾಡುವಾಗ "ಹೋಯ್ತಾ ಗಾಳಿ ಮತ್ತೆ?" ಅಂತ ಕೇಳುವುದಿಲ್ಲವೇ? ಅದೇ ಧಾಟಿ.

ಇನ್ನು ಆ "ಶಾಕ್ ಆಗ್ತೀರಾ" ವಿಷಯ. ಅದು ಯಾಕೆ ಕೆಟ್ಟಿತು ಅಂತ ನನಗೆ ಅರ್ಥವಾಗಲು ವರ್ಷಗಳು ಬೇಕಾದವು. ಜಾರ್ಜ್ ಲೋವೆನ್‌ಸ್ಟೀನ್ ಅನ್ನುವ ವಿದ್ವಾಂಸರು 1994ರಲ್ಲಿ ಕುತೂಹಲದ ಬಗ್ಗೆ ಬರೆದರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನಿಸುವುದಕ್ಕೂ ನಡುವೆ ಒಂದು ಸಂದು ಕಂಡಾಗ ಕುತೂಹಲ ಹುಟ್ಟುತ್ತದೆ ಅನ್ನುತ್ತಾರೆ ಅವರು. ಅಂದರೆ ಸಂದು ಕಾಣಬೇಕಾದರೆ ಸ್ವಲ್ಪವಾದರೂ ಮೊದಲೇ ಗೊತ್ತಿರಬೇಕು. "ಈ ಒಂದು ತಪ್ಪು" ಅಂದರೆ ಏನೂ ಗೊತ್ತಾಗುವುದಿಲ್ಲ. ಅದು ಬರೀ ಬಚ್ಚಿಡುವುದು. ಆದರೆ ಹೀಗೆ ಬರೆದರೆ?

"ಮತ್ತೆ ಗಾಳಿ ಹೋಯ್ತಾ? ಟ್ಯೂಬ್‌ಗೆ ಪ್ಯಾಚ್ ಹಾಕಿದಿರಿ, ಮುಳ್ಳು ಟಯರ್‌ನಲ್ಲೇ ಇದೆಯಾ ನೋಡಿ"

ಪಂಕ್ಚರ್ ಹಾಕಿದ ಮರುದಿನವೇ ಚಪ್ಪಟೆ ಟಯರ್ ಕಂಡವರು ಇಲ್ಲಿ ನಿಲ್ಲುತ್ತಾರೆ. ಅರ್ಧ ಉತ್ತರ ಕೊಟ್ಟುಬಿಟ್ಟೆವಲ್ಲ ಅಂತ ಹೆದರಬೇಡಿ. ಮುಳ್ಳು ಇರಬಹುದು ಅಂತ ಗೊತ್ತಾದ ಮೇಲೇ ಅದನ್ನು ಹುಡುಕುವುದು ಹೇಗೆ, ಕೈ ಕುಯ್ದುಕೊಳ್ಳದೆ ತೆಗೆಯುವುದು ಹೇಗೆ ಅಂತ ನೋಡುವ ಆಸೆ ಬರುವುದು.

ಬಚ್ಚಿಟ್ಟು ಬರೆಯುವುದನ್ನು ಫೇಸ್‌ಬುಕ್ 2014ರಿಂದಲೇ ಹಿಂದಕ್ಕೆ ತಳ್ಳಲು ಶುರು ಮಾಡಿತು. 2016ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಮುಖ್ಯ ಮಾಹಿತಿ ಮುಚ್ಚಿಡುವ ಶೀರ್ಷಿಕೆ, ಇರುವುದಕ್ಕಿಂತ ದೊಡ್ಡದು ಮಾಡಿ ದಾರಿ ತಪ್ಪಿಸುವ ಶೀರ್ಷಿಕೆ, ಎರಡನ್ನೂ ಅದು ಗುರುತಿಸತೊಡಗಿತು. 2017ರ ಕೊನೆಗೆ "ಲೈಕ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ" ಅಂತ ಗೋಗರೆಯುವ ಪೋಸ್ಟ್‌ಗಳ ಸರದಿಯೂ ಬಂತು.

ನಂಬರ್‌ಗಳ ಗೆಳೆಯರೇ, ನೀವು ಹೇಳಿದ ಅಧ್ಯಯನ ಸರಿ. ಆದರೆ ಅದು ಅಳೆದದ್ದು ಕ್ಲಿಕ್ ಮಾತ್ರ. ಇವರಿಗೆ ಬೇಕಿರುವುದು ಫೀಸು ಕಟ್ಟುವಷ್ಟು ನಂಬಿಕೆ. ಒಮ್ಮೆ ಒಂದು ತರಬೇತಿ ಸಂಸ್ಥೆಗೆ ನಾನು "ಇಂದೇ ಕೊನೆಯ ದಿನ" ಅಂತ ಬರೆದುಕೊಟ್ಟೆ. ಅವರು ಅದನ್ನೇ ನಾಲ್ಕು ವಾರ ಹಾಕಿದರು. ಐದನೇ ವಾರ ಯಾರೋ ನಾಲ್ಕರ ಸ್ಕ್ರೀನ್‌ಶಾಟ್ ಜೋಡಿಸಿ ಕಾಮೆಂಟ್‌ನಲ್ಲಿ ಹಾಕಿದರು. ಪದಗಳು ನನ್ನವು. ಇವತ್ತಿಗೂ ಆ ಚಿತ್ರ ಕಣ್ಣ ಮುಂದೆ ಬರುತ್ತದೆ.

ಸೈಕಲ್‌ಪಾಠ:

ಸರ್, ತುಂಬಾ ಥ್ಯಾಂಕ್ಸ್. ಕ್ರಿಯಾಪದದ ಮಾತು ನನಗೆ ಹೊಳೆದೇ ಇರಲಿಲ್ಲ. ಚೈನ್ ಶೀರ್ಷಿಕೆಯನ್ನು ಹೀಗೆ ಮಾಡಿದ್ದೇನೆ: "ಚೈನ್ ಸವೆದಿದೆಯಾ ಇಲ್ಲವಾ? ಸ್ಕೇಲ್ ಇಟ್ಟು ನೋಡಿ ತಿಳಿಯುವ ವಿಧಾನ". ಪರವಾಗಿಲ್ಲವೇ?

ಹಳೇ ಡೆಸ್ಕ್:

ಎಷ್ಟೋ ವಾಸಿ. ಆದರೆ "ಚೈನ್ ಸವೆದಿದೆ" ಅಂತ ಯಾರಾದರೂ ನಿಮ್ಮ ಹತ್ತಿರ ಬಂದು ಹೇಳುತ್ತಾರಾ? ಅವರು ಹೇಳುವ ಮಾತೇ ಬೇರೆ ಇರಬೇಕು. ನಿಮ್ಮ ಗೆಳತಿಯನ್ನು ಕೇಳಿ. ಹಳೆಯ ಕಾಮೆಂಟ್‌ಗಳನ್ನು ಒಂದು ಗಂಟೆ ಕೂತು ಓದಿ.

ಲಿಂಕ್ ಹಂಚುವವಳು:

ಚಿಕ್ಕ ವಿಷಯ, ಆದರೆ ಕ್ಲಾಸಿನ ಪೇಜ್ ಲಿಂಕ್ ಹಂಚುವಾಗ ಬೇಕಾಗುತ್ತದೆ. ಪೇಜಿನ ಶೀರ್ಷಿಕೆ ಒಂದು, ಹಂಚಿದಾಗ ಕಾಣುವ ಶೀರ್ಷಿಕೆ ಇನ್ನೊಂದು ಇಡಬಹುದು. ಅದಕ್ಕೆ ಓಪನ್ ಗ್ರಾಫ್ ಟೈಟಲ್ ಅನ್ನುತ್ತಾರೆ. ಬದಲಾಯಿಸಿದ ಮೇಲೂ ಫೇಸ್‌ಬುಕ್ ಹಳೆಯದನ್ನೇ ತೋರಿಸಿದರೆ ಅವರದೇ ಶೇರಿಂಗ್ ಡೀಬಗರ್ ಅನ್ನುವ ಪರೀಕ್ಷಾ ಪುಟದಲ್ಲಿ ಲಿಂಕ್ ಹಾಕಿ ಹೊಸದಾಗಿ ಓದಿಸಿ. ಮತ್ತೆ, ಎರಡು ಶೀರ್ಷಿಕೆ ಹೋಲಿಸುವಾಗ ಚಿತ್ರವನ್ನೂ ಬದಲಾಯಿಸಬೇಡಿ. ಯಾವುದರಿಂದ ಜನ ಬಂದರು ಅಂತ ಗೊತ್ತಾಗುವುದಿಲ್ಲ.

ಸೈಕಲ್‌ಪಾಠ:

ನಿನ್ನೆ ಇಬ್ಬರೂ ಕೂತು ಎರಡು ವರ್ಷದ ಕಾಮೆಂಟ್ ಓದಿದೆವು. "ಸವೆತ" ಅನ್ನುವ ಪದ ಒಂದೇ ಒಂದು ಕಡೆ ಇತ್ತು. "ಜೋರಾಗಿ ತುಳಿದರೆ ಕಟ್ ಅಂತ ಜಾರುತ್ತೆ" ಅಂತ ಮಾತ್ರ ಎಷ್ಟೋ ಜನ ಬರೆದಿದ್ದಾರೆ. ಹೊಸ ಚೈನ್ ಹಾಕಿದ ಮೇಲೂ ಜಾರುತ್ತದೆ ಅಂತ ಬೈದವರೂ ಇದ್ದಾರೆ. ಹಿಂದಿನ ಚಕ್ರದ ಹಲ್ಲು ಸವೆದಿದ್ದರೆ ಹಾಗೇ ಆಗುವುದು, ಅದನ್ನು ವಿಡಿಯೋದಲ್ಲಿ ಏಳನೇ ನಿಮಿಷದಲ್ಲಿ ಹೇಳಿದ್ದೆವು. ಈಗ ಆ ಭಾಗವನ್ನೇ ಬೇರೆ ವಿಡಿಯೋ ಮಾಡಿ, ಇವತ್ತು ಬೆಳಿಗ್ಗೆ ಹಾಕಿದ್ದೇವೆ:

"ತುಳಿದರೆ ಜಾರುತ್ತಾ, ಹೊಸ ಚೈನ್ ಹಾಕಿದ ಮೇಲೂ? ಹಿಂದಿನ ಹಲ್ಲು ನೋಡಿ"

ಹಳೇ ಡೆಸ್ಕ್:

ಇದನ್ನು ಮುಟ್ಟಬೇಡಿ. ಚಿತ್ರದಲ್ಲಿ ಸವೆದ ಹಲ್ಲೊಂದು ಹತ್ತಿರದಿಂದ ಕಾಣಲಿ, ಅದರ ಮೇಲೆ ಏನೂ ಬರೆಯಬೇಡಿ.