ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂ ಯಾವುದು: ಅಶೋಕನಗರದ್ದೋ, ಕಂಠೀರವವೋ?

ಧಾರವಾಡದವನು:
ಆಟೋದವರಿಗೆ ‘ಫುಟ್‌ಬಾಲ್ ಸ್ಟೇಡಿಯಂಗೆ ಬಿಡಿ’ ಎಂದೆ. ಅವರು ಅಶೋಕನಗರದಲ್ಲಿ, ಗರುಡಾ ಮಾಲ್ ಪಕ್ಕ ತಂದಿಳಿಸಿದರು. ಕಂಠೀರವಕ್ಕೆ ಹೋಗಬೇಕಿತ್ತು ಎಂದರೆ, ‘ಹಾಗಾದರೆ ಕಂಠೀರವ ಎನ್ನಬೇಕಿತ್ತು, ಫುಟ್‌ಬಾಲ್ ಸ್ಟೇಡಿಯಂ ಇದೇ’ ಎಂದು ತೀರ್ಪು ಕೊಟ್ಟು ಹೊರಟೇಬಿಟ್ಟರು. ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಆಡುವುದು ಕಂಠೀರವದಲ್ಲಿ, ಭಾರತ ತಂಡ ಬಂದರೂ ಅಲ್ಲೇ. ಮತ್ತೆ ಈ ಅಶೋಕನಗರದ್ದೇನು? ಹಿಂದಿನ ಸಂಗತಿ ಬಲ್ಲವರು ಹೇಳಿ.

ಹಲಸೂರಿನ ಹಳಬ:
ಆಟೋದವರ ಮೇಲೆ ಮುನಿಸು ಬೇಡ, ಸರಿಯಾದ ಜಾಗಕ್ಕೇ ಬಿಟ್ಟಿದ್ದಾರೆ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮನೆ ಅದು. ಬೆಂಗಳೂರು ಲೀಗಿನ ಪಂದ್ಯಗಳನ್ನು ನಾವು ನೋಡುತ್ತಾ ಬಂದಿರುವುದು ಅಲ್ಲಿ. ಟಿ.ವಿ.ಯಲ್ಲಿ ಬರುವುದಿಲ್ಲವೆಂದು ಅದನ್ನು ಕಡೆಗಣಿಸಬೇಡಿ.

ನಾನು ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕಾಲದಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್ ಎಲ್ಲಕ್ಕೂ ತಂಡಗಳಿದ್ದವು. ಸೇನೆಯ ಎಂಇಜಿ, ಎಎಸ್‌ಸಿ ಬೇರೆ. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಬೆಳಗ್ಗೆ ಲೇತ್ ಯಂತ್ರದ ಮುಂದೆ ನಿಂತವನು ಮಧ್ಯಾಹ್ನ ಅಶೋಕನಗರದಲ್ಲಿ ಲೆಫ್ಟ್ ವಿಂಗ್‌ನಲ್ಲಿ ಓಡುತ್ತಿದ್ದ. ಗೋಲು ತಪ್ಪಿಸಿದರೆ ಮರುದಿನ ಕ್ಯಾಂಟೀನಿನಲ್ಲಿ ಅವನಿಗೆ ಉಳಿಗಾಲವಿರಲಿಲ್ಲ. ಗ್ಯಾಲರಿಯಲ್ಲಿ ನೆರಳು ಬೀಳುವ ಕಡೆ ಒಂದಿಷ್ಟು ಹಿರಿಯರು ಕಾಯಂ. ಆಟಗಾರನ ಹೆಸರು ಮರೆತರೂ ಅವನು ಯಾರ ಮಗ, ಯಾವ ಬೀದಿಯವನು ಎಂಬುದನ್ನು ಅವರು ಮರೆಯುವವರಲ್ಲ. ನಮ್ಮ ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಒಮ್ಮೆ ನೋಡಿ ಬನ್ನಿ.

ಆಟದ ಚರಿತ್ರೆಗೆ ಸ್ಟೇಡಿಯಂಗಿಂತ ಹೆಚ್ಚು ವಯಸ್ಸಾಗಿದೆ. ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲೂ 1938ರಲ್ಲೂ ಹೊತ್ತು ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರು ಹೆಚ್ಚಿನವರು ಬರಿಗಾಲಿನಲ್ಲಿ ಆಡಿ 1–2ರಿಂದ ಸೋತರಲ್ಲ, ಆ ಒಂದು ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಆ ಪಂದ್ಯದಲ್ಲಿ ಎರಡು ಪೆನಾಲ್ಟಿಗಳನ್ನು ವ್ಯರ್ಥ ಮಾಡಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು. ಕೊನೆಯದು 1968–69ರಲ್ಲಿ, ಬೆಂಗಳೂರಿನಲ್ಲೇ, ಬಂಗಾಳವನ್ನು 1–0ಯಿಂದ ಸೋಲಿಸಿ. ಆಮೇಲೆ ಕರ್ನಾಟಕ ಆ ಟ್ರೋಫಿ ಕಂಡದ್ದು 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ. ಅದೂ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3–2.

ಸಂಪಂಗಿಕೆರೆ:
ಹಿರಿಯರು ಕಂಠೀರವದ ವಿಷಯಕ್ಕೆ ಬರಲೇ ಇಲ್ಲ. ಅದು ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂದಮೇಲೆ ಊರಿಗೆ ಈ ಕೆರೆಯ ಹಂಗು ತಪ್ಪಿತು. ಕೆಳಗಿನ ತೋಟಗಳ ತಿಗಳರಿಗೆ ಮಾತ್ರ ನೀರು ಬೇಕೇ ಇತ್ತು, ಆದರೆ ಅವರ ಮಾತು ನಡೆಯಲಿಲ್ಲ. ಕೆರೆ ಬತ್ತಿ ಆಟದ ಬಯಲಾಯಿತು. ಈಗಿರುವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. ಹೆಸರು ರಣಧೀರ ಕಂಠೀರವ ನರಸರಾಜ ಒಡೆಯರದು. ಆವರಣದ ಒಂದು ಬದಿಯಲ್ಲಿ ಸಣ್ಣ ಕೊಳವೊಂದನ್ನು ಉಳಿಸಿದ್ದಾರೆ. ಬೆಂಗಳೂರು ಕರಗದ ವಿಧಿಗಳಿಗೆ ಇಂದಿಗೂ ಅದೇ ಬೇಕು. ಪಂದ್ಯಕ್ಕೆ ಓಡುವ ಗಡಿಬಿಡಿಯಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ವೆಸ್ಟ್ ಬ್ಲಾಕಿನವಳು:
ಹಳಬರಿಗೆ ನಮಸ್ಕಾರ. ಆದರೆ ಬಿಎಫ್‌ಸಿಯನ್ನು ಟಿ.ವಿ. ತಂಡವೆಂದು ಪಕ್ಕಕ್ಕೆ ಇಡಬೇಡಿ ಸಾರ್, ಅದು ಕಣ್ಣು ಬಿಟ್ಟದ್ದೂ ನಿಮ್ಮ ಅಶೋಕನಗರದಲ್ಲೇ. 2013ರ ಸೆಪ್ಟೆಂಬರ್ 22, ಮೋಹನ್ ಬಾಗಾನ್ ಎದುರು 1–1. ಮೊದಲ ವರ್ಷವೇ ಆಗಿನ ದೇಶದ ಅಗ್ರ ಲೀಗ್ ಆದ ಐ–ಲೀಗ್ ಗೆದ್ದಿತು. ಕಂಠೀರವಕ್ಕೆ ಹೋದದ್ದು ಅದರ ಮುಂದಿನ ಋತುವಿಗೆ.

ಹೋದಮೇಲೂ ಅಲ್ಲಿ ಕಡಿಮೆಯದೇನೂ ನಡೆದಿಲ್ಲ. 2016ರ ಅಕ್ಟೋಬರ್ 19ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಟೂರ್ನಿ) ಸೆಮಿಫೈನಲ್ ದಿನ ನಾನು ಅಲ್ಲಿದ್ದೆ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹರ್. ಗೋಲು ಮೊದಲು ಅವರದೇ. ಆಮೇಲೆ ನಮ್ಮ ಛೆಟ್ರಿ ಎರಡು, ಹುವಾನನ್ ಒಂದು. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ಛೆಟ್ರಿಯ ಎರಡನೆಯ ಗೋಲಿಗೆ ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನ ಭುಜ ಹಿಡಿದು ಅಲುಗಾಡಿಸಿದ ರಭಸಕ್ಕೆ ಕನ್ನಡಕ ಮೂರು ಮೆಟ್ಟಿಲು ಕೆಳಗೆ ಹೋಯಿತು. 2023ರಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ಭಾರತ ಕುವೈತ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದದ್ದೂ ಇಲ್ಲೇ. ಇಷ್ಟಾದಮೇಲೂ ಅದು ಫುಟ್‌ಬಾಲ್ ಸ್ಟೇಡಿಯಂ ಅಲ್ಲವೇ?

ಹಲಸೂರಿನ ಹಳಬ:
ಅಲ್ಲಮ್ಮ. ಅಲ್ಲಿ ಫುಟ್‌ಬಾಲ್ ಬಾಡಿಗೆಗೆ ಕುಳಿತಿದೆ, ಅದೂ ಹೊಂದಾಣಿಕೆಯಿಲ್ಲದ ವಠಾರದಲ್ಲಿ. ಓಟಗಾರರಿಗೂ ಫುಟ್‌ಬಾಲಿಗೂ ಅಭ್ಯಾಸದ ಸಮಯಕ್ಕಾಗಿ ಜಗಳವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನಿಮಗೂ ಗೊತ್ತು. ಟ್ರ್ಯಾಕ್ ಅವರಿಗೆಂದೇ ಹಾಕಿದ್ದು, ಅವರು ಕೇಳುವುದರಲ್ಲಿ ತಪ್ಪೇನಿದೆ? 2025ರಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದದ್ದೂ ಅಲ್ಲೇ. ನಟ ಪುನೀತ್ ತೀರಿಕೊಂಡಾಗ ಊರಿಗೆ ಊರೇ ಬಂದು ಸಾಲು ನಿಂತದ್ದೂ ಅಲ್ಲೇ. ಎಲ್ಲರಿಗೂ ಬೇಕಾದ ಜಾಗ ಅದು, ಇರಲಿ.

ಜೋಹರ್ ಪಂದ್ಯಕ್ಕೆ ನಾನೂ ಬಂದಿದ್ದೆ, ಕೂಗಿದ್ದೆ. ಆದರೆ ನನಗೂ ಚೆಂಡಿಗೂ ನಡುವೆ ಇಡೀ ಟ್ರ್ಯಾಕ್ ಇತ್ತು. ಅಶೋಕನಗರದಲ್ಲಿ ಟ್ರ್ಯಾಕ್ ಇಲ್ಲ. ಕೋಚ್ ಬೈಯುವುದು ಕನ್ನಡ, ತಮಿಳು, ಉರ್ದು ಮೂರರಲ್ಲೂ ಸ್ಪಷ್ಟವಾಗಿ ಕೇಳಿಸುತ್ತದೆ. ಕೃತಕ ಹುಲ್ಲಿನ ಮೇಲೆ ಜಾರಿ ಟ್ಯಾಕಲ್ ಮಾಡಿದರೆ ಕರಿ ರಬ್ಬರ್ ಹರಳು ಚಿಮ್ಮುವುದೂ ಕಾಣುತ್ತದೆ. ಬಿಸಿಲಿಗೆ ಆ ಹಾಸು ಕಾದ ಹೆಂಚು, ಅದನ್ನು ನಾನು ಹೊಗಳುವುದಿಲ್ಲ.

ಧಾರವಾಡದವನು:
ಎಲ್ಲರಿಗೂ ಧನ್ಯವಾದ. ಹಿರಿಯರೇ, ಲೀಗ್ ಪಂದ್ಯ ನೋಡಲು ಯಾವ ಕಡೆ ಕುಳಿತುಕೊಳ್ಳಲಿ?

ಹಲಸೂರಿನ ಹಳಬ:
ಮೂರು ಗಂಟೆಗೆ ಬಂದು, ನೆರಳು ಎಲ್ಲಿದೆ ನೋಡಿ ಕುಳಿತುಕೊಳ್ಳಿ. ಪಕ್ಕದಲ್ಲಿ ಯಾರಾದರೂ ನಿಮ್ಮನ್ನು ‘ಯಾವ ಏರಿಯಾ?’ ಎಂದು ಕೇಳುತ್ತಾರೆ. ಧಾರವಾಡ ಎಂದರೆ ಪೇಢೆ ತಂದಿದ್ದೀರಾ ಎಂದೂ ಕೇಳಿಯಾರು.